ಸಂಪಾದಕರ ಉತ್ತರ: ಮೆದು ಮನಸ್ಸಿನ ಮಾತಲ್ಲ ಇದು

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಕೊರೊನಾ ವರ್ಷ ಜಪಾನಿನ ಹೆಂಗಸರಲ್ಲಿ ಆತ್ಮಹತ್ಯೆ ಜಾಸ್ತಿಯಾಯಿತು ಎಂದು ಕಳೆದ ಸಂಚಿಕೆಯಲ್ಲಿ ಓದಿದೆ. ಹೆಂಗಸರ ಮನಸ್ಸು ಅಷ್ಟು ಮೆದುವೇ? ಮನೆಯೊಳಗೇ ಕೂತು ಹೀಗಾಯಿತೇ? ಕೆಲಸ ಹೋದಮೇಲೆ ನನ್ನ ತಂಗಿಯೂ ಯಾರ ಹತ್ತಿರವೂ ಮಾತಾಡುತ್ತಿಲ್ಲ."

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಏರಿಕೆಯನ್ನಷ್ಟೇ ಹೇಳಿ ಪೂರ್ತಿ ಲೆಕ್ಕ ಕೊಡಲಿಲ್ಲ. 2020ರಲ್ಲಿ ಜಪಾನಿನಲ್ಲಿ ಹೀಗೆ ತೀರಿಕೊಂಡವರು 21,081 ಜನ. ಅದರಲ್ಲಿ 14,055 ಮಂದಿ ಗಂಡಸರು, 7,026 ಮಂದಿ ಹೆಂಗಸರು. ಆದರೆ ಹಿಂದಿನ ವರ್ಷಕ್ಕಿಂತ ಗಂಡಸರ ಸಂಖ್ಯೆ 23 ಇಳಿದಿತ್ತು, ಹೆಂಗಸರದ್ದು 935 ಏರಿತ್ತು. ಹತ್ತು ವರ್ಷ ಇಳಿಯುತ್ತಲೇ ಬಂದಿದ್ದ ಒಟ್ಟು ಸಂಖ್ಯೆ ಮೇಲೇರಿದ್ದು ಹೀಗೆ.

ಮನೆಯೊಳಗೆ ಕೂತಿದ್ದೇ ಕಾರಣ ಅನ್ನುವುದೂ ಸರಿಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ತುರ್ತುಸ್ಥಿತಿ ಇದ್ದಾಗ ಸಾವುಗಳು ಹಿಂದಿನ ವರ್ಷಕ್ಕಿಂತ ಕಡಿಮೆಯೇ ಇದ್ದವು. ಶಾಲೆ ಮುಚ್ಚಿತ್ತು, ಕೆಲಸದ ಹೊತ್ತು ಕಡಿಮೆಯಾಗಿತ್ತು, ಸರ್ಕಾರ ತಲೆಗೆ ಒಂದು ಲಕ್ಷ ಯೆನ್ ಕೊಟ್ಟಿತು. ಸಂಖ್ಯೆ ಏರಿದ್ದು ಜುಲೈ ನಂತರ.

ಅಷ್ಟರಲ್ಲಿ ಹೋಟೆಲು, ಅಂಗಡಿ, ವಸತಿಗೃಹಗಳಲ್ಲಿ ಕೆಲಸ ಹೋಗಿತ್ತು. ಅಲ್ಲಿ ದುಡಿಯುವ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಕಾಯಂ ನೌಕರಿಯಿಲ್ಲ. ಮೊದಲು ಮನೆಗೆ ಕಳಿಸಿದ್ದು ಇಂಥವರನ್ನೇ. ಮನೆಯಲ್ಲಿ ಅಡುಗೆ, ಮಕ್ಕಳ ಪಾಠ ಎಲ್ಲ ಅವರ ತಲೆಗೇ ಬಿತ್ತು. ಮನೆಯಲ್ಲಿ ಹೊಡೆತ ತಿನ್ನುತ್ತಿದ್ದೇವೆ ಎಂಬ ದೂರುಗಳೂ ಹೆಚ್ಚಾದವು. ಒಂದೊಂದು ಸಾವಿಗೂ ಹಲವು ಕಾರಣ ಇರುತ್ತದೆ, ನಿಜ. ಆದರೂ ಇಷ್ಟೆಲ್ಲ ಹೊರೆ ಹೊರಿಸಿ ಮನಸ್ಸು ಮೆದು ಅನ್ನುವುದು ಅನ್ಯಾಯ ಅಲ್ವಾ?

ಮಕ್ಕಳ ವಿಷಯ ನಾವು ಬರೆಯಲೇ ಇಲ್ಲ. ಆ ವರ್ಷ ಶಾಲಾ ಮಕ್ಕಳೇ 499. ಹಿಂದಿನ ವರ್ಷ 399.

ಪತ್ರಿಕೆಯವರಿಗೂ ಇದರಲ್ಲಿ ಪಾಲಿದೆ. ಆ ವರ್ಷ ಹೆಸರಾಂತ ಕಲಾವಿದರ ಸಾವಿನ ಸುದ್ದಿ ಬಂದ ಬೆನ್ನಿಗೇ ಸಂಖ್ಯೆ ಏರಿತ್ತು. ಅದಕ್ಕೇ ಇಂಥ ಸುದ್ದಿಯನ್ನು ನಾವು ಮುಖಪುಟಕ್ಕೆ ತರುವುದಿಲ್ಲ. ಹೇಗಾಯಿತು ಎಂದೂ ಬರೆಯುವುದಿಲ್ಲ.

ಇನ್ನು ನಿಮ್ಮ ತಂಗಿ. ದಯವಿಟ್ಟು ಇವತ್ತೇ ಅವರ ಪಕ್ಕ ಹೋಗಿ ಕೂತುಕೊಳ್ಳಿ. ಬುದ್ಧಿ ಹೇಳಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ನೀವೂ ಫೋನ್ ಮಾಡಬಹುದು.