ಮೈಗ್ರೇನ್ ಇರುವವರು ಗರ್ಭನಿರೋಧಕ ಗುಳಿಗೆ ನುಂಗಿದರೆ ಪಾರ್ಶ್ವವಾಯು ಬರಬಹುದೇ?

ನೀವು ಪೆರ್ಲದವರು, ವಯಸ್ಸು 31, ತಲೆನೋವು ಶುರುವಾಗುವ ಮುನ್ನ ಕಣ್ಣೆದುರು ಅಂಕುಡೊಂಕಾದ ಬೆಳಕಿನ ಗೆರೆಗಳು ಕಾಣುತ್ತವೆ, ಈಗ ಮಾಲಾ-ಡಿ ನುಂಗುತ್ತಿದ್ದೀರಿ ಎಂದು ಬರೆದಿದ್ದೀರಿ. ನಾನು ಬದಿಯಡ್ಕದಲ್ಲಿ ಔಷಧದಂಗಡಿ ನಡೆಸುವ ಫಾರ್ಮಸಿಸ್ಟ್. ವೈದ್ಯರನ್ನು ಕಾಣುವವರೆಗೆ ನಿಮಗೆ ತಿಳಿದಿರಬೇಕಾದುದನ್ನಷ್ಟೇ ಹೇಳುತ್ತೇನೆ.

ಬರಿಯ ಮೈಗ್ರೇನಿಗೂ ಪಾರ್ಶ್ವವಾಯುವಿಗೂ ಇರುವ ನಂಟು ದುರ್ಬಲ. ಆದರೆ ನಿಮ್ಮಂತೆ ಗೆರೆಗಳು ಕಾಣಿಸಿಕೊಳ್ಳುವವರಲ್ಲಿ, ಅಂದರೆ ವೈದ್ಯರು ‘ಆರಾ’ ಎನ್ನುವ ಲಕ್ಷಣ ಇರುವವರಲ್ಲಿ, ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿನ ಸಾಧ್ಯತೆ ಇತರರಿಗಿಂತ ಸುಮಾರು 2 ಪಟ್ಟು ಹೆಚ್ಚು. ನಿಮ್ಮ ಪ್ರಾಯದಲ್ಲಿ ಆ ಸಾಧ್ಯತೆಯೇ ತೀರಾ ಕಡಿಮೆ ಇರುವುದರಿಂದ, ಇಮ್ಮಡಿಯಾದರೂ ಅದು ಸಣ್ಣದೇ. ಈ ಚಿಂತೆಯಲ್ಲಿ ನಿದ್ದೆಗೆಟ್ಟರೆ ಮೈಗ್ರೇನ್ ಹೆಚ್ಚಾದೀತು.

ನನಗೆ ಆತಂಕವಿರುವುದು ಗುಳಿಗೆಯ ಬಗ್ಗೆ. ಮಾಲಾ-ಡಿ ಪಟ್ಟಿಯ 28 ಗುಳಿಗೆಗಳಲ್ಲಿ 7 ಕಬ್ಬಿಣಾಂಶದವು. ಉಳಿದ 21ರಲ್ಲಿ ಎಥಿನೈಲ್ ಎಸ್ಟ್ರಾಡಿಯಾಲ್ ಎಂಬ ಈಸ್ಟ್ರೋಜನ್ ಹಾರ್ಮೋನ್ ಇದೆ, ಪಟ್ಟಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅದು ಅಚ್ಚಾಗಿರುತ್ತದೆ. ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುವುದರಿಂದ, ಆರಾ ಸಹಿತ ಮೈಗ್ರೇನ್ ಇರುವವರು ಯಾವ ವಯಸ್ಸಿನವರಾದರೂ ಇಂಥ ಗುಳಿಗೆ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಅಧಿಕ ರಕ್ತದೊತ್ತಡ ಅಥವಾ ಧೂಮಪಾನ ಜೊತೆಗೂಡಿದರೆ ಅಪಾಯ ಇನ್ನೂ ಏರುತ್ತದೆ. ತಲೆನೋವಿನ ಮಾತ್ರೆಯನ್ನೂ ಮಾಲಾ-ಡಿಯನ್ನೂ ಒಟ್ಟಿಗೆ ಕೇಳುವ ಹೆಂಗಸರಲ್ಲಿ ಕಣ್ಣೆದುರು ಏನಾದರೂ ಹೊಳೆಯುತ್ತದೆಯೇ ಎಂದು ವಿಚಾರಿಸದೆ ನಾನು ಕೊಡುವುದಿಲ್ಲ. ಅಂಗಡಿಯಲ್ಲಿ ಬೇರೆಯವರಿದ್ದರೆ ಅವರು ಉತ್ತರಿಸಲು ಸಂಕೋಚಪಡುತ್ತಾರೆ, ಆಗ ಬದಿಗೆ ಕರೆದು ಕೇಳುತ್ತೇನೆ. ಆದಷ್ಟು ಬೇಗ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗೆರೆಗಳ ವಿಷಯವನ್ನೂ ಸೇರಿಸಿ ಹೇಳಿ, ರಕ್ತದೊತ್ತಡ ನೋಡಿಸಿಕೊಳ್ಳಿ. ಈಸ್ಟ್ರೋಜನ್ ಇಲ್ಲದ ಕಾಪರ್-ಟಿಯಂಥ ಕ್ರಮಗಳಿವೆ. ಅದು ತೀರ್ಮಾನವಾಗುವವರೆಗೆ ಕಾಂಡೋಮ್ ಬಳಸಬಹುದು.

ಮೈಗ್ರೇನಿನ ಗೆರೆಗಳು ಸಾಮಾನ್ಯವಾಗಿ ಒಂದು ಚುಕ್ಕೆಯಿಂದ ಹೊರಟು ಕೆಲವು ನಿಮಿಷಗಳಲ್ಲಿ ನಿಧಾನವಾಗಿ ಹರಡಿ, ಗಂಟೆಯೊಳಗೆ ಮಾಯವಾಗುತ್ತವೆ. ಪಾರ್ಶ್ವವಾಯು ಹಾಗಲ್ಲ, ಬಾಯಿ ಒಂದು ಬದಿಗೆ ವಾಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಒಮ್ಮೆಲೇ ಆಗುತ್ತದೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು; ನಮ್ಮ ಕಡೆಯವರು ಇಂಥದ್ದಕ್ಕೆ ಹೆಚ್ಚಾಗಿ ಮಂಗಳೂರಿಗೇ ಹೋಗುವುದರಿಂದ ದಾರಿಯ ಸಮಯವೂ ಅದರಲ್ಲೇ ಕಳೆಯುತ್ತದೆ. ಆದ್ದರಿಂದ ಅಂಥ ಲಕ್ಷಣ ಕಂಡರೆ ತಲೆನೋವಿನ ಮಾತ್ರೆ ಕೊಟ್ಟು ಮಲಗಿಸದೆ ಕೂಡಲೇ ಹೊರಡಬೇಕೆಂದು ನಿಮ್ಮ ಮನೆಯವರಿಗೂ ತಿಳಿಸಿಡಿ.