‘ಬೈವೀಕ್ಲಿ’ ಎಂದರೆ ವಾರಕ್ಕೆರಡು ಸಲವೇ, ವಾರ ಬಿಟ್ಟು ವಾರವೇ?

ಪ್ರಶ್ನೆ: ಹೊಸ ಕೆಲಸದ ಆದೇಶದಲ್ಲಿ ‘ಬೈವೀಕ್ಲಿ’ ಸಭೆಗೆ ತಪ್ಪದೆ ಹಾಜರಾಗಬೇಕೆಂದಿದೆ. ‘ಬೈ’ ಎಂದರೆ ಎರಡು, ಆದ್ದರಿಂದ ಎರಡು ವಾರಕ್ಕೊಮ್ಮೆ ಎಂಬುದೊಂದೇ ಸರಿ ಎಂದು ಸ್ಪೋಕನ್ ಇಂಗ್ಲಿಷ್ ತರಗತಿಯಲ್ಲಿ ಕಲಿಸಿದ್ದರು. ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅದರ ಜೊತೆಗೆ ಯಾರೋ ಕಲಿಸಿದ ಇಂಥದೊಂದು ಸೂತ್ರವೂ ಇರುತ್ತದೆ. ಲ್ಯಾಟಿನ್ ಮೂಲದ ‘ಬೈ’ಗೆ ಎರಡು ಎಂಬ ಅರ್ಥವಿದೆ, ಆದರೆ ಆ ಎರಡು ವಾರಗಳ ಎಣಿಕೆಯೋ ಸಲಗಳ ಎಣಿಕೆಯೋ ಎಂಬುದನ್ನು ಪದ ಹೇಳುವುದಿಲ್ಲ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಎರಡೂ ಅರ್ಥಗಳನ್ನು ಕೊಡುತ್ತದೆ. ಒಂದೇ ಸರಿ ಎಂದು ಶುಲ್ಕ ಪಡೆದು ಕಲಿಸುವವರು ನಿಘಂಟು ತೆರೆದು ನೋಡುವ ಕಷ್ಟವನ್ನಾದರೂ ತೆಗೆದುಕೊಳ್ಳಬೇಕು.

‘ಬೈಮಂತ್ಲಿ’ಯ ಪಾಡೂ ಇದೇ. ರಿಸರ್ವ್ ಬ್ಯಾಂಕಿನ ‘ಬೈಮಂತ್ಲಿ’ ಹಣಕಾಸು ನೀತಿ ಎರಡು ತಿಂಗಳಿಗೊಮ್ಮೆ, ಅಂದರೆ ವರ್ಷಕ್ಕೆ 6 ಸಲ ಪ್ರಕಟವಾಗುತ್ತದೆ. ಆದರೆ ನಾನು ಅನುವಾದಿಸಿದ ಒಂದು ಕರಾರುಪತ್ರದಲ್ಲಿ ‘ಬೈಮಂತ್ಲಿ ಪಾವತಿ’ ಎಂಬ ಸಾಲನ್ನು ಒಂದೇ ಕಚೇರಿಯ ಇಬ್ಬರು ಅಧಿಕಾರಿಗಳು ಬೇರೆ ಬೇರೆಯಾಗಿ ಓದಿದರು: ಒಬ್ಬರ ಲೆಕ್ಕದಲ್ಲಿ ವರ್ಷಕ್ಕೆ 6 ಕಂತು, ಇನ್ನೊಬ್ಬರ ಲೆಕ್ಕದಲ್ಲಿ 24. ಅಂದಿನಿಂದ ಇಂಥ ಪದ ಕಂಡಲ್ಲೆಲ್ಲ ದಿನಾಂಕ ಕೇಳಿ ಪಡೆಯದೆ ನಾನು ಮುಂದಿನ ಸಾಲಿಗೆ ಹೋಗುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿ ಸಂಬಳದ ವಿಷಯದಲ್ಲಿ ‘ಬೈವೀಕ್ಲಿ’ ಎಂದರೆ ಎರಡು ವಾರಕ್ಕೊಮ್ಮೆ, ಸಾಮಾನ್ಯವಾಗಿ ವರ್ಷಕ್ಕೆ 26 ಸಲ. ‘ಸೆಮಿಮಂತ್ಲಿ’ ಎಂದರೆ ತಿಂಗಳಿಗೆರಡು ಸಲ, ವರ್ಷಕ್ಕೆ 24. ಇವೆರಡೂ ಒಂದೇ ಎಂದುಕೊಂಡು ಮನೆ ಬಾಡಿಗೆಯ ಲೆಕ್ಕ ಹಾಕಬೇಡಿ.

ಭಾರತ, ಬ್ರಿಟನ್ನುಗಳಲ್ಲಿ ‘ಫೋರ್ಟ್‌ನೈಟ್ಲಿ’ ಎಂಬ ಪದ ಸಂದೇಹಕ್ಕೆ ಎಡೆಗೊಡುವುದಿಲ್ಲ, ಹದಿನಾಲ್ಕು ರಾತ್ರಿ ಎಂಬುದೇ ಅದರ ಮೂಲಾರ್ಥ. ಅಮೆರಿಕದಲ್ಲಿ ಅದರ ಬಳಕೆ ವಿರಳ. ನಮ್ಮಲ್ಲಂತೂ 1843ರಲ್ಲಿ ಹೊರಟ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಪಾಕ್ಷಿಕವಾಗಿತ್ತು ಎಂದರೆ ಯಾರೂ ಅದನ್ನು ವಾರಕ್ಕೆರಡು ಸಲ ಎಂದು ತಿಳಿಯುವುದಿಲ್ಲ. ‘ವಾರ ಬಿಟ್ಟು ವಾರ’, ‘ವಾರಕ್ಕೆರಡು ಸಲ’ ಎಂದು ಇಷ್ಟು ನಿಚ್ಚಳವಾಗಿ ಹೇಳಬಲ್ಲ ಭಾಷೆಯವರು, ಇಂಗ್ಲಿಷಿನಲ್ಲಿ ಬರೆಯುವಾಗಲೂ ಅದನ್ನೇ ‘ಎವರಿ ಟೂ ವೀಕ್ಸ್’, ‘ಟ್ವೈಸ್ ಎ ವೀಕ್’ ಎಂದು ಬಿಡಿಸಿ ಬರೆಯಬೇಕು. ನಿಮ್ಮ ಸಭೆ ಯಾವ ಯಾವ ದಿನ ನಡೆಯುತ್ತದೆಂದು ಇಂದೇ ಬರವಣಿಗೆಯಲ್ಲಿ ಕೇಳಿ. ಹೊಸಬರು ಕೇಳಿದರೆ ತಪ್ಪೇನಿಲ್ಲ, ಊಹಿಸಿ ಗೈರುಹಾಜರಾದರೆ ತಪ್ಪು.

ಪ್ರಶ್ನೆ: ‘ಬೈಆನ್ಯುಅಲ್’, ‘ಬೈಎನಿಯಲ್’ ಒಂದೇ ಅಲ್ಲವೇ?

ಉತ್ತರ: ಅಲ್ಲ. ಮೊದಲನೆಯದನ್ನು ಸಾಮಾನ್ಯವಾಗಿ ವರ್ಷಕ್ಕೆರಡು ಸಲ ಎಂಬರ್ಥದಲ್ಲಿ ಬಳಸುತ್ತಾರೆ. ಎರಡನೆಯದು ಎರಡು ವರ್ಷಕ್ಕೊಮ್ಮೆ, ನಮ್ಮ ವಿಧಾನ ಪರಿಷತ್ತಿನ ಮೂರನೇ ಒಂದರಷ್ಟು ಸದಸ್ಯರು ನಿವೃತ್ತರಾಗುವ ಹಾಗೆ.

ಪ್ರಶ್ನೆ: ‘ಆಫನ್’ ಪದದಲ್ಲಿ ‘ಟ’ಕಾರ ಉಚ್ಚರಿಸುವುದು ಅಶಿಕ್ಷಿತರ ಲಕ್ಷಣವೇ?

ಉತ್ತರ: ಖಂಡಿತ ಅಲ್ಲ. ಎರಡೂ ಉಚ್ಚಾರಣೆ ನಿಘಂಟಿನಲ್ಲಿವೆ.