ಆವಿಯಾದ ನೀರು ಯಾರ ಲೆಕ್ಕಕ್ಕೆ?

ನವಿ ಮುಂಬೈಯಲ್ಲಿ ಕೂಲಿಂಗ್ ಪ್ಲಾಂಟ್ ನೋಡಿಕೊಳ್ಳುವ ಕೆಲಸ ನನ್ನದು. ಐರೋಲಿ, ಮಹಾಪೆ ಕಡೆ ಎಐ ಓಡಿಸುವ ಕಂಪ್ಯೂಟರ್‌ಗಳ ಕಟ್ಟಡಗಳು, ಅಂದರೆ ಡೇಟಾ ಸೆಂಟರ್‌ಗಳು ಏಳುತ್ತಿರುವಂತೆ ನಮ್ಮ ಕನ್ನಡದವರಿಂದ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ.

ಎಐಗೆ ಒಂದು ಪ್ರಶ್ನೆ ಕೇಳಿದರೆ ಅರ್ಧ ಲೀಟರ್ ನೀರು ಹೋಗುತ್ತದಂತೆ. ಕಂಪನಿಯವರು, ‘ನೀರು ಮರುಬಳಕೆ ಆಗುತ್ತೆ, ಹನಿಯೂ ಪೋಲಾಗಲ್ಲ’ ಅನ್ನುತ್ತಾರೆ. ನಮಗೂ ಅವರಿಗೂ ಬಾರ್ವಿ ಅಣೆಕಟ್ಟಿನ ನೀರೇ. ಯಾರನ್ನು ನಂಬಲಿ? (ಡೊಂಬಿವಲಿ)

ಇಬ್ಬರನ್ನೂ ನಂಬಬೇಡಿ. ಅರ್ಧ ಲೀಟರ್ ಮಾತು 2023ರ ಒಂದು ಅಧ್ಯಯನದ್ದು. ಅಲ್ಲಿದ್ದದ್ದು 10ರಿಂದ 50 ಉತ್ತರಗಳಿಗೆ ಸೇರಿ ಅರ್ಧ ಲೀಟರ್ ಅಂತ. ವಾಟ್ಸಾಪ್‌ಗೆ ಬರುವಷ್ಟರಲ್ಲಿ ಅದು ಒಂದೇ ಪ್ರಶ್ನೆಗೆ ಇಳಿದಿದೆ. 2025ರಲ್ಲಿ ಗೂಗಲ್ ತನ್ನ ಜೆಮಿನಿಯ ಸಾಧಾರಣ ಪ್ರಶ್ನೆಯೊಂದಕ್ಕೆ 0.26 ಮಿಲಿಲೀಟರ್ ಎಂದಿತು. ಅಂದರೆ ನಾಲ್ಕೈದು ಹನಿ. ಕರೆಂಟ್ ತಯಾರಿಸಲು ಬೇಕಾದ ನೀರನ್ನು ಅದರಲ್ಲಿ ಸೇರಿಸಿಲ್ಲ. ಹೀಗೆ ಹನಿ ಎಣಿಸುತ್ತಾ ಕೂತರೆ ಕಟ್ಟಡದ ಮೀಟರ್ ಕಣ್ಣಿಗೆ ಬೀಳುವುದೇ ಇಲ್ಲ.

ಮೀಟರನ್ನೇ ನೋಡೋಣ. 100 ಮೆಗಾವಾಟ್ ಎಳೆಯುವ ಕಟ್ಟಡ ದಿನಕ್ಕೆ 24 ಲಕ್ಷ ಯೂನಿಟ್ ಉರಿಸುತ್ತದೆ. ದಿನಕ್ಕೆ 10 ಯೂನಿಟ್ ಬಳಸುವ 2.4 ಲಕ್ಷ ಮನೆಗಳ ಕರೆಂಟ್ ಅದು. ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ನೀರನ್ನು ಆವಿ ಮಾಡಿ ಬಿಸಿ ಹೊರಹಾಕುವ ಕೂಲಿಂಗ್ ಟವರ್‌ನಲ್ಲಿ ಒಂದು ಯೂನಿಟ್ ಬಿಸಿ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗುತ್ತದೆ. ಯಾವ ಕಂಪನಿ ಬಂದರೂ ಈ ಲೆಕ್ಕ ಬದಲಾಗಲ್ಲ. ಒಟ್ಟು ದಿನಕ್ಕೆ 36 ಲಕ್ಷ ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ 26,000ಕ್ಕೂ ಹೆಚ್ಚು ಜನರ ನೀರು. ಕಟ್ಟಡ ಅರ್ಧ ಲೋಡ್‌ನಲ್ಲಿ ಓಡಿದರೂ 13,000ಕ್ಕೂ ಹೆಚ್ಚು ಜನರದ್ದು.

ಪೈಪಿನೊಳಗೆ ನೀರು ಸುತ್ತುತ್ತದೆ ಅನ್ನೋದು ನಿಜ. ಆದರೆ ಆವಿಯಾದದ್ದು ವಾಪಸ್ ಬರಲ್ಲ. ಟವರ್ ಕೆಳಗಿನ ತೊಟ್ಟಿಯ ಅಂಚಲ್ಲಿ ಬಿಳಿ ಪದರ ಕಟ್ಟಿರುತ್ತದೆ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಉದುರುತ್ತದೆ. ನೀರು ಹೋಗಿ ಉಳಿದ ಲವಣ ಅದು. ಅದು ಜಾಸ್ತಿಯಾದಾಗ ತೊಟ್ಟಿಯ ನೀರನ್ನು ಚರಂಡಿಗೆ ಬಿಟ್ಟು ಹೊಸದು ತುಂಬುತ್ತಾರೆ. ಮರುಬಳಕೆ ಅನ್ನುವವರನ್ನು ಈ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಕೇಳಬೇಕು.

‘ನಮ್ಮದು ನೀರೇ ಬೇಡದ ಕೂಲಿಂಗ್’ ಅಂತಲೂ ಹೇಳುತ್ತಾರೆ. ಗಾಳಿಯಿಂದ ತಣ್ಣಗಾಗುವ ಚಿಲ್ಲರ್ (ತಂಪು ಮಾಡುವ ಯಂತ್ರ) ಹಾಕಿದರೆ ನೀರು ಉಳಿಯುತ್ತದೆ, ಕರೆಂಟ್ ಜಾಸ್ತಿ ಬೇಕು. ಆ ಕರೆಂಟ್ ಬಹುಪಾಲು ಕಲ್ಲಿದ್ದಲಿನದು. ಮುಂಬೈನ ಟ್ರಾಂಬೆಯಲ್ಲಿರುವ ಕಲ್ಲಿದ್ದಲು ವಿದ್ಯುತ್ ಘಟಕ ಮುಚ್ಚುವ ಮಾತಿತ್ತು. ಬೇಡಿಕೆ ಏರಿತೆಂದು ಅದರ ಅವಧಿ ಮುಂದಕ್ಕೆ ಹೋಯಿತು. ಪಕ್ಕದಲ್ಲೇ ಮಾಹುಲ್ ಅನ್ನೋ ವಸತಿ ಪ್ರದೇಶ ಇದೆ, ಹೊಗೆ ಕುಡಿಯಲು ಅಲ್ಲಿಯೂ ಮಕ್ಕಳಿದ್ದಾರೆ ಅಲ್ವಾ?

ಆದ್ದರಿಂದ ಎರಡನ್ನೂ ಒಟ್ಟಿಗೇ ಕೇಳಿ: ವರ್ಷಕ್ಕೆ ಎಷ್ಟು ಲೀಟರ್, ಎಷ್ಟು ಯೂನಿಟ್? ಕುಡಿಯುವ ನೀರೋ, ಶುದ್ಧ ಮಾಡಿದ ಕೊಳಚೆ ನೀರೋ ಅಂತಲೂ ಕೇಳಿ. ನೀರಿನ ಲೆಕ್ಕಕ್ಕೆ ಬಾರ್ವಿ ನೀರು ಕೊಡುವ ಸರ್ಕಾರಿ ಸಂಸ್ಥೆ ಎಂಐಡಿಸಿಗೆ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಸೊಸೈಟಿ ಹೆಸರಲ್ಲಿ ಬೇಡ, ನಿಮ್ಮ ಸ್ವಂತ ಹೆಸರಲ್ಲೇ ಹಾಕಿ. ಇಲ್ಲವಾದರೆ ಅದೇ ನೆಪ ಹೇಳಿ ತಿರುಗಿಸಿ ಕಳಿಸುತ್ತಾರೆ.

ಚಾಟ್‌ಜಿಪಿಟಿಗೆ ‘ಥ್ಯಾಂಕ್ಸ್’ ಹೇಳುವುದು ನಿಲ್ಲಿಸಲೇ? (ಪುಣೆ)

ನಿಮ್ಮಿಷ್ಟ. ಬಾರ್ವಿಗೆ ಅದರಿಂದ ಏನೂ ಆಗಲ್ಲ.

ಸರ್ವರ್ ರೇಡಿಯೇಷನ್ ತಡೆಯಲು ತಾಮ್ರದ ತಗಡು ಮಾರಲು ಬಂದಿದ್ದರು. (ಘನ್ಸೋಲಿ)

ಕೊಳ್ಳಬೇಡಿ, ಶುದ್ಧ ಮೋಸ. ನೀವು ದೂರು ಕೊಡಬೇಕಾದದ್ದು ಡೇಟಾ ಸೆಂಟರ್‌ನ ಡೀಸೆಲ್ ಜನರೇಟರ್‌ಗಳ ಹೊಗೆ, ಸದ್ದಿನ ಬಗ್ಗೆ. ತಾರೀಖು, ಹೊತ್ತು ಬರೆದಿಟ್ಟುಕೊಳ್ಳಿ.

ಮಗನಿಗೆ ಡೇಟಾ ಸೆಂಟರ್‌ನಲ್ಲಿ ಕೆಲಸ ಸಿಗುತ್ತದಾ? (ವಾಸ್ಕೋ)

ಕಟ್ಟುವಾಗ ನೂರಾರು ಜನ ಬೇಕು, ಕಟ್ಟಿ ಮುಗಿದ ಮೇಲೆ ಕೆಲವರು ಸಾಕು. ಐಟಿಐನಲ್ಲಿ ಎಲೆಕ್ಟ್ರಿಕಲ್ ಅಥವಾ ಎಸಿ ಕಲಿಯಲಿ, ಆ ಕೆಲಸಕ್ಕೆ ಯಾವ ಊರಲ್ಲೂ ಕೊರತೆಯಿಲ್ಲ.

ಎಐ ಸರ್ವರ್‌ನಲ್ಲಿ ಪಾಲು ಕೊಂಡರೆ ತಿಂಗಳಿಗೆ ಶೇ 5 ಲಾಭವಂತೆ. (ನೆರೂಲ್)

ಬೇಡ. ಹಣ ಕಳಿಸಿಬಿಟ್ಟಿದ್ದರೆ ಓದುವುದನ್ನು ಪಕ್ಕಕ್ಕಿಟ್ಟು ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.